ಶೇ. 99 ಹೋಲಿಕೆಯಿದ್ದರೂ ಹೊಸ ಪ್ರಭೇದವಾಗಬಹುದೇ?

ಪ್ರಶ್ನೆ: ಮಣ್ಣಿನಿಂದ ಪ್ರತ್ಯೇಕಿಸಿದ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಕುಲದ ತಳಿಯೊಂದರ 16ಎಸ್ ಆರ್‌ಆರ್‌ಎನ್‌ಎ ಜೀನ್ (ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಬಳಸುವ ಜೀನ್) ಅತಿ ಸಮೀಪದ ಪ್ರಭೇದದ ಜೀನ್ ಅನ್ನು ಶೇ. 99ರಷ್ಟು ಹೋಲುತ್ತದೆ. ಇದನ್ನು ಹೊಸ ಪ್ರಭೇದವೆಂದು ಪರಿಗಣಿಸಲು ಅವಕಾಶವಿದೆಯೇ?

ಉತ್ತರ: ಅವಕಾಶವಿದೆ. ಹೋಲಿಕೆಯು ಸುಮಾರು ಶೇ. 98.7ಕ್ಕಿಂತ ಕಡಿಮೆಯಿದ್ದರೆ ತಳಿಯು ಬೇರೆ ಪ್ರಭೇದದ್ದೆಂದು ಬಹುಮಟ್ಟಿಗೆ ಹೇಳಬಹುದಾದರೂ, ಅದಕ್ಕಿಂತ ಹೆಚ್ಚಿದ್ದ ಮಾತ್ರಕ್ಕೆ ಎರಡೂ ಒಂದೇ ಎನ್ನಲಾಗದು. ಈ ಜೀನ್ ಬಹಳ ನಿಧಾನವಾಗಿ ಬದಲಾಗುವುದರಿಂದ ಸ್ಟ್ರೆಪ್ಟೊಮೈಸಿಸ್‌ನಂತಹ ದೊಡ್ಡ ಕುಲದಲ್ಲಿ ಅದೊಂದನ್ನೇ ನಂಬುವುದು ನನ್ನ ಮಟ್ಟಿಗೆ ವ್ಯರ್ಥ. ಪೂರ್ಣ ಜೀನೋಮ್ ಅನುಕ್ರಮವನ್ನು ಪಡೆದು ಸಮೀಪದ ಎಲ್ಲ ಮಾದರಿ ತಳಿಗಳೊಂದಿಗೆ (ಪ್ರಭೇದದ ಹೆಸರಿಗೆ ಆಧಾರವಾಗಿರುವ ತಳಿಗಳು) ಹೋಲಿಸಿ. ಸರಾಸರಿ ನ್ಯೂಕ್ಲಿಯೊಟೈಡ್ ಸಾಮ್ಯವು (ಎರಡು ಜೀನೋಮ್‌ಗಳ ಡಿಎನ್‌ಎ ಅಕ್ಷರಗಳು ಸರಾಸರಿ ಎಷ್ಟು ಹೊಂದುತ್ತವೆ ಎಂಬ ಅಳತೆ) ಶೇ. 95–96ಕ್ಕಿಂತಲೂ, ಡಿಜಿಟಲ್ ಡಿಎನ್‌ಎ–ಡಿಎನ್‌ಎ ಸಂಕರಣದ (ಜೀನೋಮ್‌ಗಳ ಹೋಲಿಕೆಯನ್ನು ಕಂಪ್ಯೂಟರ್‌ನಲ್ಲಿ ಅಂದಾಜಿಸುವ ವಿಧಾನ) ಮೌಲ್ಯವು ಶೇ. 70ಕ್ಕಿಂತಲೂ ಕೆಳಗಿದ್ದರೆ ನಿಮ್ಮ ವಾದಕ್ಕೆ ಗಟ್ಟಿಯಾದ ಆಧಾರ ದೊರೆಯುತ್ತದೆ.

ಮತ್ತೊಂದು ಉತ್ತರ: ಮೇಲಿನದಕ್ಕೆ ಸೇರಿಸುವುದಾದರೆ, ಕೋಶಭಿತ್ತಿಯ ಅಮೈನೊ ಆಮ್ಲ, ಮೆನಾಕ್ವಿನೋನ್ (ಕೋಶಪೊರೆಯಲ್ಲಿರುವ ಒಂದು ಸಂಯುಕ್ತ), ಕೊಬ್ಬಿನಾಮ್ಲ ಹಾಗೂ ಬೀಜಕ ಸರಪಳಿಯ ರೂಪವನ್ನೂ ದಾಖಲಿಸಬೇಕು. ಸಮೀಪದ ಮಾದರಿ ತಳಿಗಳನ್ನು ನಿಮ್ಮ ತಳಿಯ ಜೊತೆಗೇ, ಒಂದೇ ಮಾಧ್ಯಮದಲ್ಲಿ ಬೆಳೆಸಿ ಹೋಲಿಸುವುದು ಮುಖ್ಯ. ಹಳೆಯ ಪ್ರಬಂಧಗಳ ಕೋಷ್ಟಕಗಳಿಂದ ಅಂಕಿಗಳನ್ನು ಎತ್ತಿಕೊಂಡರೆ ವಿಮರ್ಶಕರು ಒಪ್ಪುವುದು ಕಷ್ಟ.

ಮೂರನೆಯ ಉತ್ತರ: ಹೆಸರು ಮಾನ್ಯವಾಗಬೇಕಾದರೆ ಮಾದರಿ ತಳಿಯ ಜೀವಂತ ಕೃಷಿಯನ್ನು ಎರಡು ಬೇರೆ ಬೇರೆ ದೇಶಗಳ ಸಾರ್ವಜನಿಕ ಸಂಗ್ರಹಗಳಲ್ಲಿ ಇರಿಸಿ, ಅವುಗಳ ಪ್ರಮಾಣಪತ್ರ ಪಡೆಯಬೇಕು. ಈ ಕೆಲಸವನ್ನು ಬೇಗ ಆರಂಭಿಸಿ.