ಪಲೆರ್ಮೊದ ಅರಮನೆ ಚರ್ಚಿನಲ್ಲಿ ಏನನ್ನು ಗಮನಿಸಿ ನೋಡಬೇಕು?

ಪ್ರಶ್ನೆ (ಕಾರವಾರದಿಂದ)

ಇಟಲಿಯಲ್ಲಿ ಓದುತ್ತಿರುವ ಮಗಳನ್ನು ಕಾಣಲು ನಾನು ಮತ್ತು ನನ್ನ ಪತ್ನಿ ಡಿಸೆಂಬರಿನಲ್ಲಿ ಹೊರಟಿದ್ದೇವೆ. ಸಿಸಿಲಿ ದ್ವೀಪದ ಪಲೆರ್ಮೊದಲ್ಲಿ ಒಂದು ದಿನ ಉಳಿಯುವ ಅವಕಾಶವಿದೆ. ಅಲ್ಲಿನ ನಾರ್ಮನ್ ಅರಮನೆಯೊಳಗೆ ಕಪ್ಪೆಲ್ಲಾ ಪಲಟೀನಾ ಎಂಬ ಚರ್ಚ್ ಇದ್ದು, ಅದರ ಛಾವಣಿ ಇಸ್ಲಾಮಿ ಶೈಲಿಯದೆಂದು ಓದಿದ್ದೇನೆ. ಭಟ್ಕಳದ ಖೇತಪೈ ನಾರಾಯಣ ದೇವಾಲಯದಲ್ಲಿ ಮಳೆನಾಡಿನ ಇಳಿಜಾರು ಮಾಡನ್ನು ಕಲ್ಲಿನಲ್ಲಿಯೇ ಕಟ್ಟಿರುವುದನ್ನು ನೋಡಿದಂದಿನಿಂದ ಇಂತಹ ಕಟ್ಟಡಗಳ ಬಗ್ಗೆ ನನಗೆ ಆಸಕ್ತಿ. ಕ್ರೈಸ್ತ ದೊರೆಯೊಬ್ಬ ತನ್ನ ಪ್ರಾರ್ಥನಾ ಮಂದಿರಕ್ಕೆ ಈ ಶೈಲಿಯನ್ನು ಏಕೆ ಆರಿಸಿಕೊಂಡ, ಒಳಗೆ ಯಾವುದನ್ನು ತಪ್ಪದೆ ನೋಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಶಿರಸಿಯಿಂದ)

ಪಲೆರ್ಮೊ 831ರಲ್ಲಿ ಮುಸ್ಲಿಂ ಆಳ್ವಿಕೆಗೆ ಸೇರಿ, 1072ರಲ್ಲಿ ಉತ್ತರ ಫ್ರಾನ್ಸ್ ಮೂಲದ ಕ್ರೈಸ್ತ ಯೋಧರಾದ ನಾರ್ಮನ್ನರ ಕೈಗೆ ಬಂತು. 1130ರ ಕ್ರಿಸ್‌ಮಸ್ ದಿನ ಪಟ್ಟಕ್ಕೇರಿದ ಎರಡನೆಯ ರೋಜರ್ ನಾರ್ಮನ್ನರ ಸಿಸಿಲಿ ರಾಜ್ಯದ ಮೊದಲ ಅರಸ, ಈ ಚರ್ಚನ್ನು ಕಟ್ಟಿಸಿದವನೂ ಅವನೇ. ಹೊಸ ಸಿಂಹಾಸನಕ್ಕೆ ಘನತೆ ತರಬೇಕಾಗಿದ್ದ ಅವನ ಕಣ್ಣೆದುರಿಗೆ ಇದ್ದ ವೈಭವದ ಮಾದರಿಗಳೆಂದರೆ ಒಂದು ಕಡೆ ಗ್ರೀಕ್ ಕ್ರೈಸ್ತ ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್, ಇನ್ನೊಂದು ಕಡೆ ಕೈರೋದಲ್ಲಿದ್ದ ಫಾತಿಮಿ ಮುಸ್ಲಿಂ ಖಲೀಫರ ಆಸ್ಥಾನ. ವಿಯೆನ್ನಾದಲ್ಲಿ ಉಳಿದಿರುವ ಅವನ ರಾಜವಸ್ತ್ರದ ಅಂಚಿನಲ್ಲೂ ಅರಬ್ಬಿ ಬರಹವಿದೆ, ಅದರ ಕಾಲವನ್ನು ಹಿಜರಿ 528 (ಕ್ರಿ.ಶ. 1133–34) ಎಂದು ನಮೂದಿಸಲಾಗಿದೆ. ಆದ್ದರಿಂದ ಆ ಛಾವಣಿಯನ್ನು ಧರ್ಮದ ಕುರುಹಾಗಿ ನೋಡುವುದಕ್ಕಿಂತ ಅರಸುತನದ ಕುರುಹಾಗಿ ನೋಡುವುದೇ ಸರಿಯೆಂದು ನನ್ನ ಅಭಿಪ್ರಾಯ.

ಒಳಗೆ ಹೋದ ಕೂಡಲೇ ಸಣ್ಣ ಗಾಜಿನ ತುಣುಕುಗಳನ್ನು ಜೋಡಿಸಿ ಮಾಡಿದ ಚಿನ್ನದ ಬಣ್ಣದ ಮೊಸಾಯಿಕ್ ಚಿತ್ರಗಳು ಕಣ್ಣು ಸೆಳೆಯುತ್ತವೆ. ಆದರೂ ಮೊದಲು ತಲೆಯೆತ್ತಿ ನಡುವಂಕಣದ ಛಾವಣಿಯನ್ನು ನೋಡಿ. ಮುಕರ್ನಾಸ್ ಎಂಬ ಆ ರಚನೆ ಜೇನುಗೂಡಿನಂತೆ ಗೂಡುಗೂಡಾಗಿ ಕೆಳಗಿಳಿದಿದೆ. ಅದು ಭಾರ ಹೊರುವುದಿಲ್ಲ. ತೆಳುವಾದ ಮರದ ಹಲಗೆಗಳನ್ನು ಜೋಡಿಸಿ ಮೇಲಿನ ಮಾಡಿಗೆ ತೂಗಿಸಿದ್ದಾರೆ. ಗುಡಿಗಾರರ ಕೆತ್ತನೆಯನ್ನು ನೋಡುತ್ತ ಬೆಳೆದ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಈ ಮರಗೆಲಸವೇ. ಪ್ರತಿ ಗೂಡಿನಲ್ಲೂ ಚಿತ್ರಗಳಿವೆ: ವಾದ್ಯ ನುಡಿಸುವವರು, ಕುಣಿಯುವವರು, ಒಂಟೆಗಳು, ಚದುರಂಗಕ್ಕೆ ಕುಳಿತ ಇಬ್ಬರು. ಬರಿಗಣ್ಣಿಗೆ ಇವು ಕಾಣುವುದು ಕಷ್ಟ, ದುರ್ಬೀನು ತೆಗೆದುಕೊಂಡು ಹೋಗಿ.

ಆಮೇಲೆ ಬಲಿಪೀಠದತ್ತ ನಡೆಯಿರಿ. ಚರ್ಚಿನ ಪ್ರತಿಷ್ಠೆಯಾದದ್ದು 1140ರಲ್ಲಿ. ಗುಮ್ಮಟದ ಬುಡದ ಗ್ರೀಕ್ ಬರಹದಲ್ಲಿರುವುದು 1143ರ ಕಾಲ. ಅಲ್ಲಿನ ಮೊಸಾಯಿಕ್‌ಗಳಲ್ಲಿ ಗ್ರೀಕ್ ಅಕ್ಷರಗಳಿವೆ, ತರುವಾಯ ಮಾಡಿದ ನಡುವಂಕಣದ ಗೋಡೆಗಳಲ್ಲಿ ಲ್ಯಾಟಿನ್ ಅಕ್ಷರಗಳಿವೆ. ಎಲ್ಲವೂ ಕಲೆತು ಒಂದಾಗಿದೆ ಎಂದು ಭಾವಿಸದೆ, ಯಾವ ಕೆಲಸ ಯಾವ ಪರಂಪರೆಯವರ ಕೈಯದು ಎಂದು ಬಿಡಿಸಿ ನೋಡಿದರೆ ಆ ಕಟ್ಟಡ ಹೆಚ್ಚು ತಿಳಿಯುತ್ತದೆ.

ಉತ್ತರ (ಭಟ್ಕಳದಿಂದ)

ಶಿರಸಿಯವರು ಛಾವಣಿಯ ಬರಹದ ವಿಷಯವನ್ನು ಬಿಟ್ಟಿದ್ದಾರೆ. ಅಲ್ಲಿರುವುದು ಕೂಫಿ ಎಂಬ, ಕೋನಾಕಾರದ ಹಳೆಯ ಅರಬ್ಬಿ ಲಿಪಿ. ಅರಬ್ಬಿ ಓದಬಲ್ಲ ನಮ್ಮಂಥವರಿಗೂ ಅದು ಸುಲಭಕ್ಕೆ ದಕ್ಕುವುದಿಲ್ಲ. ಅವು ಕುರಾನಿನ ವಾಕ್ಯಗಳಲ್ಲ, ಜಯ, ಆರೋಗ್ಯ, ಸೌಭಾಗ್ಯಗಳನ್ನು ಹಾರೈಸುವ ಪದಗಳು.

ಸಮಯವಿದ್ದರೆ ಮಾರ್ತೊರಾನಾ ಚರ್ಚನ್ನು ಖಂಡಿತ ನೋಡಿ. ರೋಜರನ ನೌಕಾಧಿಪತಿ, ಅಂತಿಯೋಕದ ಜಾರ್ಜ್, ಅದನ್ನು ಕಟ್ಟಿಸಿದವನು. ಅದರ ಗುಮ್ಮಟದ ಬುಡದಲ್ಲಿ ಸುತ್ತಿಬಂದಿರುವ ಮರದ ಪಟ್ಟಿಯ ಮೇಲೆ ಗ್ರೀಕ್ ಕ್ರೈಸ್ತರ ಪೂಜಾಸ್ತೋತ್ರವನ್ನು ಅರಬ್ಬಿಯಲ್ಲಿ ಬರೆಯಲಾಗಿದೆ. ಮಕ್ಕಾ ಯಾತ್ರೆಯಿಂದ ಮರಳುತ್ತಿದ್ದ ಸ್ಪೇನಿನ ಮುಸ್ಲಿಂ ಪ್ರವಾಸಿ ಇಬ್ನ್ ಜುಬೈರ್ 1184ರ ಕ್ರಿಸ್‌ಮಸ್ ವೇಳೆ ಈ ಚರ್ಚನ್ನು ಕಂಡು ಮನಸಾರೆ ಹೊಗಳಿದ್ದಾನೆ. ಮೂರು ಕೆಂಪು ಗುಮ್ಮಟಗಳ ಸಾನ್ ಕತಾಲ್ದೊ ಚರ್ಚ್ ಅದರ ಪಕ್ಕದಲ್ಲಿಯೇ ಇದೆ.

ಉತ್ತರ (ಕುಮಟಾದಿಂದ)

ಹಿರಿಯರ ಮಾತುಗಳನ್ನು ಒಪ್ಪುತ್ತಲೇ ಒಂದು ಸಂಗತಿಯನ್ನು ಸೇರಿಸುತ್ತೇನೆ. ಈ ಚರ್ಚುಗಳನ್ನು ತೋರಿಸಿ, ಆ ಕಾಲದಲ್ಲಿ ಎಲ್ಲರೂ ಸಮಾನರಾಗಿ ಬಾಳಿದರೆಂದು ಹೇಳುವುದು ಪ್ರವಾಸಿ ಕೈಪಿಡಿಗಳ ರೂಢಿ. ಚರ್ಚನ್ನು ಹೊಗಳಿದ ಇಬ್ನ್ ಜುಬೈರನೇ ಅಲ್ಲಿನ ಮುಸ್ಲಿಮರ ಮೇಲಿದ್ದ ಮತಾಂತರದ ಒತ್ತಡವನ್ನು ನೋವಿನಿಂದ ಬರೆದಿದ್ದಾನೆ. 1161ರ ದಂಗೆಯಲ್ಲಿ ಪಲೆರ್ಮೊದ ಅನೇಕ ಮುಸ್ಲಿಮರು ಕೊಲೆಯಾದರು. 1220ರ ದಶಕದಿಂದ ರೋಜರನ ಮೊಮ್ಮಗ, ಸಿಸಿಲಿಯ ಅರಸ ಎರಡನೆಯ ಫ್ರೆಡರಿಕ್ ಅಲ್ಲಿನ ಮುಸ್ಲಿಮರನ್ನು ದಕ್ಷಿಣ ಇಟಲಿಯ ಲುಚೇರಾ ಪಟ್ಟಣಕ್ಕೆ ಸಾಗಿಸಿದ. ಅರಸನ ಕೃಪೆಯಲ್ಲಿ ಕುಶಲಕರ್ಮಿಗಳಿಗೆ ಸಿಕ್ಕ ಮನ್ನಣೆಯೇ ಬೇರೆ, ಸಾಮಾನ್ಯ ಜನರ ಪಾಡೇ ಬೇರೆ. ಇದನ್ನೂ ತಿಳಿದು ನೋಡಬೇಕೆಂಬುದು ನನ್ನ ಕೋರಿಕೆ.

ಅರಮನೆಯಿಂದ ಕ್ಯಾಥೆಡ್ರಲ್‌ಗೆ ನಡೆದೇ ಹೋಗಬಹುದು. ಅದರ ದಕ್ಷಿಣದ ಮುಖಮಂಟಪದ ಒಂದು ಕಂಬದ ಮೇಲೆ ಕುರಾನಿನ ವಾಕ್ಯವಿದೆ. ಅರಮನೆಯ ಚರ್ಚಿನಲ್ಲಿ ಭಾನುವಾರ ಬೆಳಗಿನ ಪೂಜೆಯ ವೇಳೆ ಪ್ರವಾಸಿಗರನ್ನು ಬಿಡುವುದಿಲ್ಲವಾದ್ದರಿಂದ ಬೇರೆ ದಿನವನ್ನು ಆರಿಸಿಕೊಳ್ಳಿ, ಭುಜ ಮುಚ್ಚುವ ಉಡುಪಿನಲ್ಲಿ ಹೋಗಿ.