ಸಂಬಳ ಕಡಿತ: ಎಲ್ಲರಿಗೂ ಒಂದೇ ಪರ್ಸೆಂಟ್ ಅಂದ್ರೆ ಸಮಪಾಲು ಆಯ್ತಾ?

ಪ್ರಶ್ನೆ:
2020ರಲ್ಲಿ ಕೇಂದ್ರ ಸರ್ಕಾರ ಡಿಎ (ತುಟ್ಟಿಭತ್ಯೆ) ಏರಿಕೆ ತಡೆಹಿಡಿದಾಗ ಜವಾನನಿಂದ ಸಂಪುಟ ಕಾರ್ಯದರ್ಶಿವರೆಗೆ ಎಲ್ಲರಿಗೂ ಒಂದೇ ದರ. ತೆಲಂಗಾಣವೋ ಹುದ್ದೆ ನೋಡಿ ಕತ್ತರಿ ಹಾಕಿತು. ಬೊಕ್ಕಸ ಬರಿದಾದಾಗ ಯಾವುದು ನ್ಯಾಯ? ಲೆಕ್ಕ ಸಮೇತ ಹೇಳಿ.

ಉತ್ತರ 1:
ಮೊದಲು ಡಿಎ. 17%ಗೆ ನಿಂತಿತು, 2021ರ ಜುಲೈನಲ್ಲಿ 28% ಆಯ್ತು. ನಡುವೆ ಹೋದದ್ದು 4, 3, 4ರ ಮೂರು ಕಂತು. ಕಂತು ಒಂದರ ಮೇಲೊಂದು ಸೇರುತ್ತಾ ಹೋಗಿ, ಆರಾರು ತಿಂಗಳಂತೆ 4%, 7%, 11% ಕೂಡಿದರೆ ಮೂಲ ವೇತನದ 1.32 ತಿಂಗಳು. 18,000 ಮೂಲ ವೇತನದವರಿಗೆ 23,760 ರೂ. ಖೋತಾ, 2,50,000ದವರಿಗೆ 3,30,000. ಪ್ರಮಾಣ ಒಂದೇ, ಆದರೆ ಮೊದಲನೆಯವರದು ರೇಷನ್ನು, ಶಾಲೆ ಫೀಸಿನ ದುಡ್ಡು. ಅರಿಯರ್ಸ್ ಕೊಡಲೇ ಇಲ್ಲ. ಎನ್‌ಪಿಎಸ್‌ (ವಂತಿಗೆ ಕಟ್ಟುವ ಹೊಸ ಪಿಂಚಣಿ ಯೋಜನೆ) ನೌಕರರಿಗೆ ಇನ್ನೊಂದು ಏಟು: ವಂತಿಗೆ ಮೂಲ ವೇತನ ಮತ್ತು ಡಿಎ ಎರಡರ ಮೇಲೂ ಇರೋದರಿಂದ ಸರ್ಕಾರದ 14% ಪಾಲೂ ಇಳಿಯಿತು. ಆ ಅವಧಿಯಲ್ಲಿ ನಿವೃತ್ತರಾದವರ ಗ್ರಾಚ್ಯುಟಿಗೆ ಮಾತ್ರ ಆಮೇಲೆ 21, 24, 28% ಹಿಡಿದು ಲೆಕ್ಕ ಹಾಕಿದರು.

ಉತ್ತರ 2:
ತೆಲಂಗಾಣದ್ದು ನೋಡೋಕೆ ಚೆನ್ನಾಗಿತ್ತು: ಮಂತ್ರಿಗಳಿಗೆ 75%, ಐಎಎಸ್‌ಗೆ 60%, ಉಳಿದ ನೌಕರರಿಗೆ 50%, ನಾಲ್ಕನೇ ದರ್ಜೆಗೆ, ಹೊರಗುತ್ತಿಗೆಯವರಿಗೆ 10%. ಆದರೆ ಪಿಂಚಣಿದಾರರಿಗೂ ಮೊದಲು 50% ಅಂದರು. ಪಿಂಚಣಿ ಅನ್ನೋದೇ ಕೊನೆಯ ಸಂಬಳದ ಅರ್ಧ, ಅದರಲ್ಲೂ ಅರ್ಧವೇ?

ಸ್ಲ್ಯಾಬ್ ಮಾಡುವಾಗ ಎಡವೋದು ಇಲ್ಲಿ. 50,000ವರೆಗೆ 5%, ಮೇಲಿದ್ದವರಿಗೆ ಇಡೀ ಸಂಬಳಕ್ಕೆ 10% ಅಂತ ಇಟ್ಕೊಳ್ಳಿ. 50,000ದವರ ಕೈಗೆ 47,500, 51,000ದವರಿಗೆ 45,900! 52,777ರವರೆಗಿನ ಎಲ್ಲರೂ ಕೆಳಗಿನವರಿಗಿಂತ ಕಡಿಮೆ ಒಯ್ಯುತ್ತಾರೆ. ಆದಾಯ ತೆರಿಗೆಯ ಹಾಗೆ 50,000 ಮೀರಿದ ಭಾಗಕ್ಕಷ್ಟೇ 10% ಹಾಕಿದರೆ 51,000ಕ್ಕೆ 48,400 ಬರುತ್ತೆ. ಐರ್ಲೆಂಡ್ 2010ರಲ್ಲಿ ಹೀಗೇ ಮಾಡಿತು: ಮೊದಲ 30,000 ಯೂರೋಗೆ 5%, ಮುಂದಿನ 40,000ಕ್ಕೆ 7.5%, ನಂತರದ 55,000ಕ್ಕೆ 10%. 1,25,000 ಪಡೆಯುವವರಿಗೆ ಸರಾಸರಿ 8% ಬಿತ್ತು.

ಪ್ರಶ್ನೆ ಕೇಳಿದವರು:
ಹಾಗಾದ್ರೆ ಕಡಿತದ ಬದಲು ಮುಂದೂಡಿದರೆ?

ಉತ್ತರ 3:
ವಾಸಿ, ಕಾನೂನಿನ ಬಲ ಇದ್ದರೆ. ಕೇರಳ 20,000ಕ್ಕಿಂತ ಹೆಚ್ಚು ಸಂಬಳದವರಿಂದ ತಿಂಗಳಿಗೆ ಆರು ದಿನದ ವೇತನ, ಐದು ತಿಂಗಳು ಹಿಡಿಯಲು ಹೊರಟಿತು. ಬರೀ ಆದೇಶ ಅಂತ ಹೈಕೋರ್ಟ್ ತಡೆ ಕೊಟ್ಟಿತು, ಸುಗ್ರೀವಾಜ್ಞೆ ತರಬೇಕಾಯ್ತು. ಸಂಬಳ, ಪಿಂಚಣಿ ಮುಂದೂಡಿದ್ದ ಆಂಧ್ರದ ಕೇಸಿನಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿದ ಹಣಕ್ಕೆ 6% ಬಡ್ಡಿ ಕೊಡಿ ಅಂದಿತು. ಅದಕ್ಕೇ ಆದೇಶದಲ್ಲೇ ವಾಪಸಿನ ದಿನಾಂಕ, ಬಡ್ಡಿ ಎರಡೂ ಬರೆದುಬಿಡಬೇಕು. ಪೇ ಸ್ಲಿಪ್ಪಿನಲ್ಲಿ ಮೂಲ ವೇತನ ಮುಟ್ಟಬಾರದು, ಹಿಡಿದದ್ದನ್ನು ಬೇರೆ ಕಾಲಂನಲ್ಲಿ ತೋರಿಸಬೇಕು. ಇಲ್ಲದಿದ್ದರೆ ಎನ್‌ಪಿಎಸ್, ಗ್ರಾಚ್ಯುಟಿ ಎಲ್ಲ ಅದರ ಜೊತೆಗೇ ಕುಸಿಯುತ್ತೆ.