ಹೊಸ ಪಿಸ್ತೂಲಿನ ಸೈಟ್ ಓರೆಯಾ, ಕೈ ಓರೆಯಾ?

ಶಿವಮೊಗ್ಗದಿಂದ ಪ್ರಶ್ನೆ

2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದಾಗ ಮಗಳಿಗೆ ಹಿಡಿದ ಏರ್ ಪಿಸ್ತೂಲ್ ಹುಚ್ಚು ಇನ್ನೂ ಬಿಟ್ಟಿಲ್ಲ. ಅಂತೂ ಹೋದ ತಿಂಗಳು ಒಂದು ಕೊಂಡೆವು. ಗಾಳಿ ಸಿಲಿಂಡರ್ ಇರುವ ಮಾದರಿ, 4.5 ಮಿ.ಮೀ. ಪೆಲೆಟ್ (ಪುಟ್ಟ ಸೀಸದ ಗುಂಡು). ಹಿತ್ತಿಲಿನ ಶೆಡ್ಡಿನಲ್ಲಿ 10 ಮೀಟರ್ ಅಳೆದು ಅಭ್ಯಾಸ ಮಾಡುತ್ತಾಳೆ. ಪೆಟ್ಟಿಗೆ ಬಿಚ್ಚಿದ ದಿನವೇ ಹಿಂದಿನ ಸೈಟ್, ಅಂದರೆ ಗುರಿ ನೋಡುವ ಕಚ್ಚು, ಬಲಕ್ಕೆ ಒಂದು ಚೂರು ಸರಿದಂತೆ ಕಂಡಿತ್ತು. ಈಗ ಪೆಲೆಟ್‌ಗಳೆಲ್ಲ ಕಪ್ಪು ವೃತ್ತದ ಎಡ ಅಂಚಿಗೆ, ಸ್ವಲ್ಪ ಕೆಳಗೆ ಬೀಳುತ್ತಿವೆ. ಅವಳು ಬಲಗೈಯವಳು. ಸೈಟ್ ತಿರುಗಿಸಲಾ, ಅಂಗಡಿಗೆ ವಾಪಸ್ ಕಳಿಸಲಾ? ಅನುಭವ ಇದ್ದವರು ಹೇಳಿ.

ಸಾಗರದಿಂದ

ಸ್ವಲ್ಪ ತಡೀರಿ. ನಿಮ್ಮ ಮಾತಿನಲ್ಲೇ ಒಂದು ಸಿಕ್ಕು ಇದೆ. ಹಿಂದಿನ ಸೈಟ್ ಬಲಕ್ಕೆ ಸರಿದಿದ್ದರೆ ಪೆಲೆಟ್ ಬಲಕ್ಕೆ ಹೋಗಬೇಕು. ನಿಮ್ಮದು ಎಡಕ್ಕೆ ಹೋಗುತ್ತಿದೆ. ಅಂದರೆ ನೀವು ಅನುಮಾನಪಟ್ಟ ಸೈಟ್ ಈ ಕಳ್ಳತನ ಮಾಡಿಲ್ಲ!

ನನಗೆ ಕಲಿಸಿದವರು ಹೇಳುತ್ತಿದ್ದದ್ದು ಇಷ್ಟೇ: ಹಿಂದಿನ ಸೈಟ್ ಮಾತು ಕೇಳುತ್ತದೆ, ಮುಂದಿನದು (ಮೂತಿಯ ಬಳಿಯ ಕಡ್ಡಿ) ಹಠ ಮಾಡುತ್ತದೆ. ಪೆಲೆಟ್ ಯಾವ ಕಡೆ ಹೋಗಬೇಕೋ ಹಿಂದಿನದನ್ನು ಆ ಕಡೆಗೇ ಸರಿಸಬೇಕು. ಮುಂದಿನದನ್ನು ಸರಿಸುವುದಾದರೆ ಉಲ್ಟಾ.

ಬಲಗೈಯವರಿಗೆ ಎಡಕ್ಕೆ, ಕೆಳಕ್ಕೆ ಬೀಳುತ್ತಿದ್ದರೆ ನೂರಕ್ಕೆ ತೊಂಬತ್ತು ಸಲ ಟ್ರಿಗರ್ ಬೆರಳನ್ನೇ ಹಿಡಿಯಬೇಕು ಅನ್ನುವುದು ನನ್ನ ಅಂದಾಜು. ಟ್ರಿಗರ್ ಎಳೆಯುವಾಗ ಉಳಿದ ಬೆರಳುಗಳೂ ಒಟ್ಟಿಗೆ ಹಿಂಡಿಕೊಳ್ಳುತ್ತವೆ. ಮೂತಿ ಜಗ್ಗುತ್ತದೆ. ಹಿಡಿ ಅವಳ ಅಂಗೈಗೆ ದೊಡ್ಡದಾಗಿದ್ದರೂ ಹಾಗೇ ಆಗುತ್ತದೆ. ಬೆರಳು ನೇರ ಹಿಂದಕ್ಕೆ ಬರುವ ಬದಲು ಪಕ್ಕಕ್ಕೆ ತಳ್ಳುತ್ತದೆ.

ತೀರ್ಥಹಳ್ಳಿಯಿಂದ

ಸಾಗರದವರು ಹೇಳಿದ್ದು ಸರಿ. ಆದರೆ ಅಂದಾಜು ಬೇಡ, ಪರೀಕ್ಷೆ ಮಾಡಿ. ನಾನು ಹೊಸದರಲ್ಲಿ ಸ್ಕ್ರೂ ತಿರುಗಿಸಿ ತಿರುಗಿಸಿ ಒಂದು ಮಳೆಗಾಲ ಪೂರ್ತಿ ಹಾಳು ಮಾಡಿಕೊಂಡವನು.

ಮೊದಲು ಪೆಲೆಟ್ ಇಲ್ಲ ಅಂತ ಕಣ್ಣಾರೆ ನೋಡಿ, ಸಿಲಿಂಡರ್ ಬಿಚ್ಚಿಡಿ. ಮುಂದಿನ ಸೈಟಿನ ಸ್ಕ್ರೂ, ಹಿಡಿಯ ಸ್ಕ್ರೂ ಅಲೆನ್ ಕೀ ಹಾಕಿ ನೋಡಿ. ಸಾಗಾಣಿಕೆಯಲ್ಲಿ ಸಡಿಲ ಆಗಿರುತ್ತವೆ. ನನ್ನದರಲ್ಲಿ ಮುಂದಿನ ಸೈಟ್ ಉಗುರಿಗೇ ಅಲ್ಲಾಡುತ್ತಿತ್ತು. ಆಮೇಲೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಹಿಂದಿನ ಸೈಟಿನ ಎರಡೂ ಬದಿ ಅಳೆಯಿರಿ. ಮುಂದಿನ ಸೈಟ್ ವಾಲಿದೆಯೇ ಅಂತ ನೋಡಲು ಗಾರೆಯವರ ತೂಗುಗುಂಡು ಸಾಕು. ದಾರ ಇಳಿಬಿಟ್ಟು ಅದರ ಪಕ್ಕ ಹಿಡಿದು ನೋಡಿ.

ಈಗ ಮುಖ್ಯ ಕೆಲಸ. ಮೇಜಿನ ಮೇಲೆ ಒಂದು ಅಕ್ಕಿ ಚೀಲ ಇಟ್ಟು ಮುಂಗೈ ಊರಿಸಿ. ಬ್ಯಾರಲ್ಲಾಗಲೀ ಸಿಲಿಂಡರ್ ಆಗಲೀ ಚೀಲಕ್ಕೆ ತಾಗಬಾರದು. ಐದು ಪೆಲೆಟ್ ಹೊಡೆಯಿರಿ. ಮತ್ತೆ ಐದು. ಒಂದೇ ಒಂದು ಪೆಲೆಟ್ ನೋಡಿ ಸೈಟ್ ಮುಟ್ಟಬೇಡಿ, ಗುಂಪಿನ ನಡು ನೋಡಿ. ಬೇರೆ ಅಭ್ಯಾಸಸ್ಥರ ಕೈಯಲ್ಲೂ ಐದು ಹೊಡೆಸಿ. ಇಬ್ಬರ ಗುಂಪೂ ಒಂದೇ ಕಡೆ ಬಿದ್ದರೆ ಪಿಸ್ತೂಲ್, ಬೇರೆ ಬೇರೆ ಬಿದ್ದರೆ ಕೈ.

ಎಷ್ಟು ಸರಿಸಬೇಕು ಅನ್ನುವುದಕ್ಕೆ ಸುಲಭ ಲೆಕ್ಕ ಇದೆ. ತಪ್ಪಿದ ದೂರವನ್ನು ಎರಡು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ, 10,000 ಮಿ.ಮೀ.ಯಿಂದ (ಅಂದರೆ ಗುರಿಯ 10 ಮೀಟರ್ ದೂರದಿಂದ) ಭಾಗಿಸಿ. ಸೈಟ್‌ಗಳ ಅಂತರ 350 ಮಿ.ಮೀ. ಇದ್ದು, ಗುಂಪು 30 ಮಿ.ಮೀ. ಪಕ್ಕಕ್ಕೆ ಬಿದ್ದರೆ ಸರಿಸಬೇಕಾದ್ದು ಒಂದು ಮಿಲಿಮೀಟರ್ ಚಿಲ್ಲರೆ. ಗುರಿಕಾಗದದ ಹತ್ತು ಅಂಕದ ವೃತ್ತ 11.5 ಮಿ.ಮೀ. ಅಗಲ, ಅಲ್ಲಿಂದ ಒಂದೊಂದು ಗೆರೆಗೆ 8 ಮಿ.ಮೀ. ಹಾಗಾಗಿ ಸ್ಕೇಲ್ ಕೂಡ ಬೇಡ, ಗೆರೆ ಎಣಿಸಿದರೆ ಸಾಕು.

ತಿರುಗಿಸುವ ಮುಂಚೆ ಈಗ ಎಲ್ಲಿದೆ ಅಂತ ಬರೆದಿಟ್ಟುಕೊಳ್ಳಿ. ಇನ್ನೊಂದು ತೊಡಕು: ಸ್ಕ್ರೂ ಮೇಲಿನ ‘ಆರ್’, ‘ಎಲ್’ ಅಕ್ಷರ ನಂಬಿ ಕೆಡಬೇಡಿ. ಕೆಲವು ಜರ್ಮನ್ ಮಾದರಿಗಳಲ್ಲಿ ಅದರ ಅರ್ಥ ‘ಪೆಲೆಟ್ ಬಲಕ್ಕೆ ಹೋಗುತ್ತಿದ್ದರೆ ಈ ಕಡೆ ತಿರುಗಿಸು’ ಅಂತ. ಬೇರೆ ಕೆಲವದರಲ್ಲಿ ‘ಬಲಕ್ಕೆ ಕಳಿಸಲು ಈ ಕಡೆ’ ಅಂತ. ನಾಲ್ಕು ಕ್ಲಿಕ್ ತಿರುಗಿಸಿ, ಸೈಟ್ ಎತ್ತ ಹೋಯಿತು ಅಂತ ಕಣ್ಣಲ್ಲೇ ನೋಡುವುದು ಉತ್ತಮ.

ಕೊಪ್ಪದಿಂದ

ನನ್ನದು ತೋಟದ ಮನೆ, ಲೈಸೆನ್ಸ್ ಇರುವ .32 ಪಿಸ್ತೂಲ್. ಅದರ ಹಿಂದಿನ ಸೈಟ್ ತನ್ನ ತೋಡಿನಲ್ಲಿ ಬಲಕ್ಕೆ ಕೂತಿದೆ, ಬರಿಗಣ್ಣಿಗೇ ಕಾಣುತ್ತದೆ. ರೇಂಜ್‌ನಲ್ಲಿ ಹೊಡೆದರೆ ನೇರ ಹೋಗುತ್ತದೆ! ನೋಟಕ್ಕೆ ನಡುವಿಗೆ ತರಲು ಹೋಗಿದ್ದರೆ ಕೆಡಿಸುತ್ತಿದ್ದೆ. ಇಂಥ ಸೈಟ್‌ಗೆ ಸ್ಕ್ರೂ ಇರುವುದಿಲ್ಲ, ತಳ್ಳಿಯೇ ಸರಿಸಬೇಕು. ಅದು ಆರ್ಮರರ್ (ಬಂದೂಕು ರಿಪೇರಿ ಮಾಡುವವರ) ಕೆಲಸ, ಮನೆ ಸುತ್ತಿಗೆಯದಲ್ಲ.

ಹೊಸನಗರದಿಂದ

ಶೆಡ್ಡಿನ ಬೆಳಕು ನೋಡಿದ್ದೀರಾ? ನಮ್ಮ ಕಡೆ ಆಷಾಢದಲ್ಲಿ ಮಧ್ಯಾಹ್ನ ಮೂರಕ್ಕೇ ಮುಸ್ಸಂಜೆ. ಒಂದೇ ಬದಿಯ ಕಿಟಕಿಯಿಂದ ಬೆಳಕು ಬಂದರೆ ಮುಂದಿನ ಸೈಟಿನ ಒಂದು ಅಂಚು ಹೊಳೆದು ಮಾಯವಾಗುತ್ತದೆ. ಉಳಿದ ಕಪ್ಪನ್ನೇ ನಡು ಅಂದುಕೊಳ್ಳುತ್ತೇವೆ. ಬೆಳಿಗ್ಗೆಯ ಗುಂಪು ಒಂದು ಕಡೆ, ಸಂಜೆಯದು ಇನ್ನೊಂದು ಕಡೆ. ನಾನು ಗುರಿಕಾಗದಕ್ಕೆ ಒಂದು, ನಿಲ್ಲುವ ಜಾಗದ ಮೇಲೆ ಒಂದು ಎಲ್‌ಇಡಿ ಹಾಕಿ, ಕಿಟಕಿಗೆ ಗೋಣಿ ಕಟ್ಟಿದೆ.

ಹಾಗೇ, ಗುರಿಯ ಹಿಂದೆ ಏನಿದೆ? ಜಂಬಿಟ್ಟಿಗೆ ಗೋಡೆಯೋ ಕಲ್ಲೋ ಇದ್ದರೆ ಪೆಲೆಟ್ ಸಿಡಿದು ವಾಪಸ್ ಬರುತ್ತದೆ. ಹಳೇ ಬಟ್ಟೆ ಗಟ್ಟಿಯಾಗಿ ತುರುಕಿದ ಮರದ ಪೆಟ್ಟಿಗೆ, ಹಿಂದೆ ಒಂದು ಕಬ್ಬಿಣದ ತಗಡು ಇಡಿ. ಇಬ್ಬರೂ ಕನ್ನಡಕ ಹಾಕಿ. ಪೆಲೆಟ್ ಸೀಸದ್ದು, ಕೈ ತೊಳೆಯದೆ ಊಟಕ್ಕೆ ಕೂರಬಾರದು. ಮತ್ತೆ ಮಂಗ ಓಡಿಸೋಕೆ ಆಗುತ್ತಾ ಅಂತ ನೆಂಟರು ಕೇಳೇ ಕೇಳುತ್ತಾರೆ. ಸುಮ್ನೆ ಪೆಟ್ಟಿಗೆಗೆ ಬೀಗ ಹಾಕಿಡಿ.

ಭದ್ರಾವತಿಯಿಂದ

ನನ್ನದು ಬೇರೆ ಅಭಿಪ್ರಾಯ. ಕೈಯೋ ಪಿಸ್ತೂಲೋ, ಗುಂಪು ಒಂದೇ ಕಡೆ ಬೀಳುತ್ತಿದ್ದರೆ ಸೈಟ್ ಅಲ್ಲಿಗೆ ತಂದು ಬಿಡಿ. ದೊಡ್ಡ ಸ್ಪರ್ಧಿಗಳೂ ತಮ್ಮ ಹಿಡಿತಕ್ಕೆ ತಕ್ಕಂತೆಯೇ ಸೈಟ್ ಕೂರಿಸುತ್ತಾರೆ, ಅಲ್ವಾ?

ತೀರ್ಥಹಳ್ಳಿಯಿಂದ ಮತ್ತೆ

ಅವರ ಹಿಡಿತ ದಿನಾ ಒಂದೇ ಥರ ಇರುತ್ತದೆ. ಮೂರು ವಾರದ ಅಭ್ಯಾಸದ ಹುಡುಗಿಯ ಬೆರಳು ಮುಂದಿನ ತಿಂಗಳು ಸುಧಾರಿಸಿದರೆ ಮತ್ತೆ ಸೈಟ್ ತಿರುಗಿಸಬೇಕು. ತಪ್ಪಿಗೆ ಸೈಟ್ ಹೊಂದಿಸಿದರೆ ತಪ್ಪು ಅಲ್ಲೇ ಗೂಡು ಕಟ್ಟುತ್ತದೆ.

ಶಿವಮೊಗ್ಗದಿಂದ, ಎರಡು ವಾರದ ನಂತರ

ಎಲ್ಲರಿಗೂ ಧನ್ಯವಾದ. ಸ್ಕ್ರೂ ಎಲ್ಲ ಬಿಗಿಯಾಗಿಯೇ ಇತ್ತು. ಅಕ್ಕಿ ಚೀಲದ ಮೇಲೆ ಕೈ ಊರಿಸಿ ಹೊಡೆದಾಗ ಗುಂಪು ಬಲಕ್ಕೆ ಬಿತ್ತು, ಸುಮಾರು 12 ಮಿ.ಮೀ. ನಮಗೆ ಗೊತ್ತಿರುವ ಒಬ್ಬರು ಹೊಡೆದಾಗಲೂ ಅಲ್ಲೇ. ಹಾಗಾದರೆ ಸೈಟ್ ನಿಜವಾಗಿಯೂ ಬಲಕ್ಕಿತ್ತು, ಮಗಳ ಬೆರಳು ಅದಕ್ಕಿಂತ ಜಾಸ್ತಿ ಎಡಕ್ಕೆ ಎಳೆಯುತ್ತಿತ್ತು. ಲೆಕ್ಕ ಹಾಕಿ ಸೈಟನ್ನು ಅರ್ಧ ಮಿಲಿಮೀಟರಿಗೂ ಕಡಿಮೆ ಎಡಕ್ಕೆ ತಂದೆವು.

ಈಗ ಅವಳ ಪೆಲೆಟ್‌ಗಳು ಮೊದಲಿಗಿಂತಲೂ ಎಡಕ್ಕೆ ಹೋಗುತ್ತಿವೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಸದ್ಯಕ್ಕೆ ಗುರಿಕಾಗದ ತೆಗೆದು ಬರೀ ಬಿಳಿ ಹಾಳೆ ಅಂಟಿಸಿದ್ದೇವೆ. ಪೆಲೆಟ್ ಹಾಕದೆ, ಮುಂದಿನ ಸೈಟನ್ನೇ ನೋಡುತ್ತಾ ಟ್ರಿಗರ್ ಒತ್ತುವ ಅಭ್ಯಾಸ, ದಿನಕ್ಕೆ ನಲವತ್ತು ಸಲ. ಪೆಲೆಟ್ ಇಲ್ಲದೆ ಒತ್ತಲು ನಮ್ಮ ಮಾದರಿಯಲ್ಲಿ ಬೇರೆ ಲಿವರ್ ಇದೆ. ಹಿಡಿಯ ಒಳಬದಿ ಸ್ವಲ್ಪ ಉಜ್ಜಿಸಿದ್ದೇವೆ. ನಿನ್ನೆ ಮೂತಿ ಅಲ್ಲಾಡದೆ ಸತತ ಏಳು ಸಲ ಒತ್ತಿದಳು. ಎಣಿಸಿದ್ದು ಅವಳೇ.